ಕಂತಿನ ಓಟ

"ಇಪ್ಪತ್ತೊಂದು ಕಿಲೋಮೀಟರ್! ಒಂದೇ ಉಸಿರಿಗೆ ಓಡಿ ತೋರಿಸ್ತೀನಿ, ನೋಡ್ತಾ ಇರು!"

ಈ ಭೀಷ್ಮ ಪ್ರತಿಜ್ಞೆ ಹೊರಬಿದ್ದದ್ದು ಮೂರನೇ ಮಹಡಿಯ ಮೆಟ್ಟಿಲ ಮೇಲೆ. ಮಾಡಿದವರು ಲಿಫ್ಟ್ ಸಾಹೇಬರು. ಮಾಡುವಾಗ ಅವರು ಆಲೂಗಡ್ಡೆ ಚೀಲದ ಮೇಲೆ ಕೂತಿದ್ದರು, ಮತ್ತು ಆ 'ಒಂದೇ ಉಸಿರು' ಎಂಬ ಮಾತನ್ನು ಹೇಳಿ ಮುಗಿಸಲು ಅವರಿಗೆ ಮೂರು ಉಸಿರು ಬೇಕಾಯಿತು.

ಸಾಹೇಬರು ಲಿಫ್ಟ್ ರಿಪೇರಿ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಊರಿನ ಅರ್ಧದಷ್ಟು ಲಿಫ್ಟುಗಳು ಅವರ ಕೈಯಿಂದ ಎಣ್ಣೆ ಹಚ್ಚಿಸಿಕೊಂಡಿವೆ. ಮನುಷ್ಯನಿಗೆ ದೇವರು ಕಾಲು ಕೊಟ್ಟಿರುವುದು ಲಿಫ್ಟಿನ ಬಾಗಿಲವರೆಗೆ ನಡೆಯಲಿ ಎಂದು, ಅಲ್ಲಿಂದ ಮುಂದಿನದು ತಮ್ಮ ಜವಾಬ್ದಾರಿ ಎಂಬುದು ಅವರ ದೃಢವಾದ ನಂಬಿಕೆ. ಆ ದಿನ ಅವರದೇ ಕಟ್ಟಡದ ಲಿಫ್ಟು ಕೆಟ್ಟಿತ್ತು. ಕೆಟ್ಟಿತ್ತು ಎನ್ನುವುದಕ್ಕಿಂತ, ಸಾಹೇಬರೇ ಅದರ ಹೊಟ್ಟೆ ಬಿಚ್ಚಿ, ಹೊಸ ಬೇರಿಂಗ್ ನಾಳೆ ತಂದರಾಯಿತು ಎಂದು ಹಾಗೇ ಬಿಟ್ಟಿದ್ದರು. ಮನೆ ಇರುವುದು ಐದನೇ ಮಹಡಿಯಲ್ಲಿ. ಮೂರನೆಯದಕ್ಕೇ ಅವರ ಪೆಟ್ರೋಲು ಮುಗಿದಿತ್ತು.

ಹಿಂದಿನಿಂದ ಎರಡು ಕೈಯಲ್ಲೂ ಚೀಲ ಹಿಡಿದು ಬಂದ ಹೆಂಡತಿ ಅವರನ್ನು ದಾಟಿ ಮೇಲಕ್ಕೆ ಹೋದಳು. ಆಕೆ ಆಸ್ಪತ್ರೆಯ ಹೆರಿಗೆ ವಾರ್ಡಿನ ಹೆಡ್ ನರ್ಸ್. ಇಡೀ ದಿನ ಕಾಲ ಮೇಲೆ ನಿಲ್ಲುವ ಜೀವ. ಮೇಲಿನ ತಿರುವಿನಲ್ಲಿ ನಿಂತು ಕೆಳಗೆ ಬಗ್ಗಿ ಕೇಳಿದಳು:

"ರೀ, ಸ್ಟ್ರೆಚರ್ ಕಳಿಸ್ಲಾ?"

ಅಷ್ಟಕ್ಕೇ ಸಾಹೇಬರ ರಕ್ತ ಕುದಿಯಿತು. ಇನ್ನು ಮೂರು ತಿಂಗಳಿಗೆ ಊರಿನಲ್ಲಿ ದೊಡ್ಡ ಓಟದ ಸ್ಪರ್ಧೆ ಇದೆ ಎಂದು ಬೆಳಿಗ್ಗೆಯಷ್ಟೇ ಲಿಫ್ಟಿನೊಳಗೆ ಅಂಟಿಸಿದ್ದ ಚೀಟಿಯಲ್ಲಿ ಓದಿದ್ದರು. ಅದೇ ಬಾಯಿಗೆ ಬಂತು, ಅದೇ ಹೊರಗೆ ಬಂತು.

"ಆಯ್ತು," ಎಂದಳು ಹೆಂಡತಿ ಶಾಂತವಾಗಿ. "ಓಡಿ ಮುಗಿಸಿದ್ರೆ ಒಂದು ವರ್ಷ ಮನೆ ತರಕಾರಿ, ಸಾಮಾನು ಎಲ್ಲಾ ನಾನೇ ಹೊರ್ತೀನಿ. ಮುಗಿಸದಿದ್ರೆ ಒಂದು ವರ್ಷ ನೀವು ಈ ಕಟ್ಟಡದ ಲಿಫ್ಟ್ ಹತ್ತೋ ಹಾಗಿಲ್ಲ."

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೆಟ್ಟಿಲು ಹತ್ತುವ ಕಷ್ಟ ಒಂದು ಕಡೆ ಇರಲಿ. ಅಕ್ಕಪಕ್ಕದವರು ನೋಡಿದರೆ ಏನೆಂದಾರು? 'ಲಿಫ್ಟ್ ರಿಪೇರಿ ಮಾಡೋರೇ ಈ ಲಿಫ್ಟ್ ಹತ್ತಲ್ಲ, ಏನೋ ಇದೆ ಇದರಲ್ಲಿ' ಎಂದು ಇಡೀ ಕಟ್ಟಡ ಮೆಟ್ಟಿಲು ಹಿಡಿಯುವುದಿಲ್ಲವೇ? ಕಂಪನಿಯ ಮಾನ, ಅವರ ಇಪ್ಪತ್ತು ವರ್ಷದ ಹೆಸರು, ಎಲ್ಲವೂ ಆ ಮೆಟ್ಟಿಲ ಮೇಲೆ ಪಣಕ್ಕೆ ಬಿತ್ತು. ಆದರೂ ಗಂಡಸಿನ ಬಾಯಿ! "ಒಪ್ಪಿದೆ!" ಎಂದುಬಿಟ್ಟರು.

ಮಾರನೆಯ ದಿನವೇ ಹೊಸ ಬೂಟು ಬಂತು, ಹೊಸ ಚಡ್ಡಿ ಬಂತು, ಕಿಲೋಮೀಟರು ಲೆಕ್ಕ ಹಾಕುವ ಕೈಗಡಿಯಾರ ಬಂತು. ಹತ್ತಿರದ ಪಾರ್ಕಿನಲ್ಲಿ ಬೆಳಗಿನ ಓಟಗಾರರ ಗುಂಪೊಂದಿತ್ತು. ಅದನ್ನು ನಡೆಸುವಾಕೆ ಕೋಚ್ ಮೇಡಂ: ಬೆಳ್ಳಗಿನ ಗಿಡ್ಡ ಕೂದಲು, ಕೊರಳಲ್ಲಿ ಸೀಟಿ, ಅರವತ್ತು ದಾಟಿದ್ದರೂ ಜಿಂಕೆ ಕಾಲು. ಮೊದಲ ದಿನ ಸಾಹೇಬರು ಪಾರ್ಕಿಗೆ ಒಂದು ಸುತ್ತು ಹಾಕಿ ಬೇಲಿ ಹಿಡಿದು ನಿಂತದ್ದನ್ನು ಕಂಡು ಆಕೆ ನಗಲಿಲ್ಲ. ಇದೊಂದು ಉಪಕಾರವನ್ನು ಸಾಹೇಬರು ಈಗಲೂ ನೆನೆಯುತ್ತಾರೆ.

ನಿಧಾನವಾಗಿ ಹಿಡಿತ ಬಂತು. ನಂಬುತ್ತೀರೋ ಬಿಡುತ್ತೀರೋ, ಒಂದು ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಹತ್ತು ಕಿಲೋಮೀಟರು ಓಡುವಷ್ಟು ಆದರು! ಓಡುತ್ತಿದ್ದರು, ಆದರೆ ಓಡಿದ ಮೇಲೆ ಕಾಲುಗಳು ಮಾತು ಕೇಳುತ್ತಿರಲಿಲ್ಲ. ಕೆಲಸಕ್ಕೆ ಹೋಗುವುದು ತಡವಾಗುತ್ತಿತ್ತು. ಯಾರದೋ ಲಿಫ್ಟಿನ ಕೆಳಗೆ ಬಗ್ಗಿ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು.

"ಮೇಡಂ, ಹೀಗಾದ್ರೆ ನನ್ನ ಕಥೆ ಮುಗೀತು," ಎಂದು ಒಂದು ಬೆಳಿಗ್ಗೆ ದೂರಿಕೊಂಡರು.

"ಒಡೀರಿ ಸಾರ್," ಎಂದರು ಕೋಚ್ ಮೇಡಂ.

"ಏನನ್ನ?"

"ಓಟಾನ. ಹತ್ತನ್ನೂ ಒಂದೇ ಸಲ ಯಾಕೆ ಓಡ್ತೀರಿ? ಬೆಳಿಗ್ಗೆ ಐದು, ಸಂಜೆ ಐದು. ದಿನದ ಮೊತ್ತ ಅಷ್ಟೇ. ಮಧ್ಯದಲ್ಲಿ ಕಾಲಿಗೆ ಸುಧಾರಿಸಿಕೊಳ್ಳೋಕೆ ಟೈಮ್ ಸಿಗುತ್ತೆ. ದೂರದ ಓಟಗಾರರು ಎಷ್ಟೋ ಜನ ಹೀಗೇ ಮಾಡ್ತಾರೆ. ಆದ್ರೆ ಒಂದು ವಿಷಯ..."

ಆ ಒಂದು ವಿಷಯ ಏನೆಂದು ಕೇಳಲು ಸಾಹೇಬರು ಅಲ್ಲಿದ್ದರೆ ತಾನೆ! 'ಮೊತ್ತ ಅಷ್ಟೇ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರು ಸ್ಕೂಟರಿನ ಕಿಕ್ ಹೊಡೆದಾಗಿತ್ತು. ಮೇಡಂ ಸೀಟಿ ಊದಿದರು. ಅದು ತಮಗೆ ಸಿಕ್ಕ ಮೆಚ್ಚುಗೆಯೆಂದು ಭಾವಿಸಿ ಸಾಹೇಬರು ಹಿಂದೆ ನೋಡದೆ ಕೈ ಬೀಸಿದರು.

ಎರಡು ಓಟದ ಮೊದಲ ವಾರ ಸ್ವರ್ಗಕ್ಕೆ ಮೂರೇ ಗೇಣು. ಬೆಳಿಗ್ಗೆ ಐದು ಮುಗಿಸಿ ಹಗುರವಾಗಿ ಕೆಲಸಕ್ಕೆ ಹೋಗುವುದು, ಸಂಜೆ ಐದು ಮುಗಿಸಿ ಹಸಿದು ಊಟಕ್ಕೆ ಕೂರುವುದು. ಕಾಲುನೋವು ಮಾಯ! ಬೆಲ್ಟಿಗೆ ಹೊಸ ತೂತು! ಸಾಹೇಬರಿಗೆ ನಿಜಕ್ಕೂ ಸಂತೋಷವಾಗಿತ್ತು. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ತಮ್ಮ ಹೊಟ್ಟೆಯನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ಆದರೆ ಓಟ ಎರಡಾದಾಗ ಅದರ ಬಾಲ ಹಿಡಿದು ಬರುವುದೆಲ್ಲ ಎರಡಾಯಿತು. ಎರಡು ಸ್ನಾನ. ಎರಡು ಟವೆಲು. ಎರಡು ಜೊತೆ ಬೆವರಿನ ಬಟ್ಟೆ. ಬಾಲ್ಕನಿಯ ಹಗ್ಗದ ತುಂಬ ಚಡ್ಡಿಗಳೇ ಹಾರಾಡುತ್ತಿದ್ದವು, ಹೆಂಡತಿಯ ಬಿಳಿ ಯೂನಿಫಾರ್ಮಿಗೆ ಜಾಗವಿಲ್ಲ.

"ನಾನು ಮದುವೆಯಾದದ್ದು ಒಬ್ರನ್ನ," ಎಂದಳು ಆಕೆ, ಕೈಯಲ್ಲಿ ಒದ್ದೆ ಕಾಲುಚೀಲ ಹಿಡಿದು. "ಬಟ್ಟೆ ಒಗೀತಿರೋದು ಇಬ್ರದ್ದು."

"ದೂರದ ಓಟಗಾರರ ಮನೆಯಲ್ಲಿ ಹೀಗೇ ಕಣೇ!"

"ದೂರದ ಓಟಗಾರರ ಹೆಂಡ್ತಿಯರು ಎಲ್ಲಿಗೆ ಓಡಿ ಹೋಗ್ತಾರೆ, ಅದನ್ನೂ ಕೇಳ್ಕೊಂಡು ಬನ್ನಿ."

ಇಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಾಹೇಬರ ತಲೆ ಮೆಕ್ಯಾನಿಕ್ಕಿನ ತಲೆ. ಒಂದು ಭಾರವನ್ನು ಒಂದು ಹಗ್ಗಕ್ಕೆ ಹಾಕುವುದಕ್ಕಿಂತ ಎರಡಕ್ಕೆ ಹಂಚಿದರೆ ಲೇಸು, ನಾಲ್ಕಕ್ಕೆ ಹಂಚಿದರೆ ಇನ್ನೂ ಲೇಸು. ಲಿಫ್ಟಿಗೆ ಒಪ್ಪುವ ನ್ಯಾಯ ಕಾಲಿಗೆ ಯಾಕೆ ಒಪ್ಪಬಾರದು? ಓಟವನ್ನು ನಾಲ್ಕು ಮಾಡಿದರು! ಬೆಳಿಗ್ಗೆ ಒಂದು, ಊಟಕ್ಕೆ ಮುಂಚೆ ಒಂದು, ಸಂಜೆ ಒಂದು, ರಾತ್ರಿ ತಟ್ಟೆ ತೊಳೆದ ಮೇಲೆ ಒಂದು.

"ಹೀಗೆ ಚೂರು ಚೂರು ಮಾಡಿದ್ರೆ ಆಗುತ್ತೇನ್ರೀ?" ಎಂದು ಹೆಂಡತಿಗೆ ಅನುಮಾನ. "ನಮ್ಮ ವಾರ್ಡಲ್ಲಿ ಯಾರೂ ಅರ್ಧ ಬೆಳಿಗ್ಗೆ ಹೆತ್ತು ಇನ್ನರ್ಧ ಸಂಜೆಗೆ ಇಟ್ಕೊಳ್ಳಲ್ಲ."

"ಅವಳಿ ಮಕ್ಕಳಾದ್ರೆ?"

"ಅವಳಿ ಆದ್ರೂ ತಾಯಿ ಮಧ್ಯೆ ಎದ್ದು ಆಫೀಸಿಗೆ ಹೋಗಲ್ಲ!"

ಊಟಕ್ಕೆ ಮುಂಚಿನ ಓಟ ಕೆಲಸದ ಹೊತ್ತಿನಲ್ಲೇ ಬೀಳುತ್ತಿತ್ತು. ಒಂದು ದಿನ ಸಾಹೇಬರು ಆ ಕಂತಿನ ನಡುವೆ ಇದ್ದಾಗ, ಎರಡು ಬೀದಿ ಆಚೆಯ ಕಚೇರಿ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಯ ಮಧ್ಯೆ ನಿಂತಿದೆ, ಒಳಗೆ ಒಬ್ಬ ಹಿರಿಯರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಫೋನು ಬಂತು. "ಓಡಿ ಬಂದೆ!" ಎಂದರು ಸಾಹೇಬರು. ಈ ಮಾತನ್ನು ಅವರು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ನಿಜವಾಗಿ ಓಡಿದ್ದು ಅದೇ ಮೊದಲು. ಕಂತೂ ಮುಗಿಯಲಿ, ಕೆಲಸವೂ ಆಗಲಿ ಎಂದು ಕಟ್ಟಡದ ಸುತ್ತ ಎರಡು ಪ್ರದಕ್ಷಿಣೆಯನ್ನೂ ಸೇರಿಸಿಕೊಂಡು ಒಳಗೆ ನುಗ್ಗಿದರು. ಲಿಫ್ಟಿನೊಳಗಿನವರಿಗೆ ಧೈರ್ಯ ಹೇಳುವುದು ಮೊದಲ ನಿಯಮ. ಒಳಗಿನವರ ಜೊತೆ ಮಾತಾಡಲು ಹೊರಗಿಟ್ಟಿರುವ ಗುಂಡಿ ಒತ್ತಿ ಬಾಯಿ ತೆರೆದರು. ಬಂದದ್ದು ಬರೀ ಏದುಸಿರು!

ಒಳಗಿನ ಹಿರಿಯರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಮೃದುವಾಗಿ ಹೇಳಿದರು: "ಗಾಬರಿ ಆಗ್ಬೇಡಪ್ಪಾ. ಜೋರಾಗಿ ಉಸಿರು ಎಳ್ಕೋ. ಯಾರಾದ್ರೂ ಬಂದು ನಿನ್ನನ್ನ ಬಿಡಿಸ್ತಾರೆ. ಅಲ್ಲಿವರೆಗೂ ನಾನಿದ್ದೀನಿ."

ಅವರಿಗಿಂತ ಮೊದಲೇ ಅಲ್ಲಿಗೆ ಬಂದಿದ್ದ ಕಂಪನಿಯ ಮೆಕ್ಯಾನಿಕ್ಕು ಗೋಡೆಗೆ ಮುಖ ಮಾಡಿ ನಿಂತ. ಅವನ ಬೆನ್ನು ಕುಲುಕುತ್ತಿತ್ತು. ಹಿರಿಯರು ಹೊರಬಂದ ಮೇಲೂ ಸಾಹೇಬರ ಬೆನ್ನು ಸವರಿ, ಎರಡು ಗುಟುಕು ನೀರು ಕುಡಿಸಿಯೇ ಹೋದರು.

ಆ ಅವಮಾನದ ಮೇಲೆ ಕೆಲಸದ ಹೊತ್ತಿನ ಓಟ ನಿಂತಿತು. ಹಾಗೆಂದು ದಿನದ ಮೊತ್ತ ಕಮ್ಮಿಯಾಗಬಾರದಲ್ಲ! ಸಾಹೇಬರು ಆ ಕಂತನ್ನು ಒಡೆದು ಪುಡಿ ಮಾಡಿ ಮನೆಯೊಳಗೆ ಹರಡಿದರು. ಬ್ರೆಡ್ಡು ಟೋಸ್ಟರಿನಿಂದ ಹಾರುವವರೆಗೆ ಊಟದ ಮೇಜಿನ ಸುತ್ತ ಓಟ. ಹಾಲು ಉಕ್ಕುವವರೆಗೆ ಅಡುಗೆಮನೆಯಿಂದ ಬಾಲ್ಕನಿಗೆ ಓಟ. ಗಡಿಯಾರ ಪ್ರಾಮಾಣಿಕ ಪ್ರಾಣಿ, ಪ್ರತಿ ಚೂರನ್ನೂ ಕೂಡಿಸುತ್ತಿತ್ತು. ಸುಖ ಎಂದರೆ ಇದು! ಬೆವರಿಲ್ಲ, ಬಿಸಿಲಿಲ್ಲ, ಎರಡನೇ ಸ್ನಾನವಿಲ್ಲ. ಸ್ವಲ್ಪ ಸುಸ್ತೆನಿಸಿದರೆ ಸೋಫಾ ಅಲ್ಲೇ ಇದೆ. ಕೊನೆಗೆ ಬೆಳಗಿನ, ಸಂಜೆಯ, ರಾತ್ರಿಯ ಕಂತುಗಳೂ ಸಹ ಈ ಪುಡಿಯಲ್ಲೇ ಕರಗಿಹೋದವು. ಪಾರ್ಕಿನ ಕಡೆ ಹೋಗುವುದೇ ನಿಂತಿತು. ಅಲ್ಲಿಂದ ಕೋಚ್ ಮೇಡಂ ಒಂದೆರಡು ಸಲ ಫೋನು ಮಾಡಿದರು. ಸಾಹೇಬರು ಓಟದಲ್ಲಿದ್ದರು, ಅಂದರೆ ಫ್ರಿಜ್ಜಿನಿಂದ ಕಿಟಕಿಗೆ. ಫೋನು ಎತ್ತಲಿಲ್ಲ.

ಮನೆಯಲ್ಲಿ ಅತ್ತೆಯವರೂ ಇದ್ದರು, ಅಂದರೆ ಹೆಂಡತಿಯ ತಾಯಿ. ಸಂಜೆಯ ಧಾರಾವಾಹಿ ಅವರ ಪ್ರಾಣ. ಟಿವಿ ಮತ್ತು ಅವರ ಕುರ್ಚಿಯ ನಡುವೆಯೇ ಅಳಿಯಂದಿರ ಓಟದ ಹಾದಿ.

"ಅಳಿಯಂದ್ರೇ," ಎಂದರು ಅತ್ತೆ ಒಂದು ದಿನ, ತುಂಬ ಗೌರವದಿಂದ. "ಆ ಹುಡುಗಿಗೆ ವಿಷ ಹಾಕಿದ್ದು ಯಾರು ಅಂತ ತೋರಿಸೋ ಹೊತ್ತಿಗೆ ನೀವು ಅಡ್ಡ ಬಂದ್ರಿ. ನನಗೆ ನಿಮ್ಮ ಮೇಲೇ ಅನುಮಾನ ಬರ್ತಿದೆ."

"ಇನ್ನೆರಡೇ ಸುತ್ತು ಅತ್ತೆ!"

ಎರಡನೇ ಸುತ್ತಿನಲ್ಲಿ ಅಡುಗೆಮನೆಯಿಂದ ಹಾಲು ಉಕ್ಕಿದ ವಾಸನೆ ಬಂತು. ಸಾಹೇಬರು ಅತ್ತ ನುಗ್ಗುವ ಭರದಲ್ಲಿ, ಮಳೆಯ ಮೋಡವೆಂದು ಒಳಗೆ ಕಟ್ಟಿದ್ದ ಬಟ್ಟೆ ಹಗ್ಗಕ್ಕೆ ಕೊರಳು ಕೊಟ್ಟರು. ಹಗ್ಗ ಕಿತ್ತು ಬಂತು. ಹೆಂಡತಿ ಮರುದಿನಕ್ಕೆಂದು ಇಸ್ತ್ರಿಗೆ ಒಣಹಾಕಿದ್ದ ಬಿಳಿ ಯೂನಿಫಾರ್ಮು ಅವರ ತಲೆಯ ಮೇಲೆ ಮುಸುಕಾಗಿ ಇಳಿಯಿತು, ಆ ಮುಸುಕಿನಲ್ಲೇ ಅವರು ಹಾಲಿನ ಪಾತ್ರೆಗೆ ಡಿಕ್ಕಿ ಹೊಡೆದರು. ಪುಣ್ಯಕ್ಕೆ ಕೈ ಸುಡಲಿಲ್ಲ. ಡ್ಯೂಟಿ ಮುಗಿಸಿ ಬಾಗಿಲು ತೆರೆದ ಹೆಂಡತಿಗೆ ಕಂಡದ್ದು ಇಷ್ಟು: ನೆಲದ ತುಂಬ ಹಾಲು, ಹಾಲಿನ ಮಧ್ಯೆ ತನ್ನ ಯೂನಿಫಾರ್ಮು, ಯೂನಿಫಾರ್ಮಿನ ಒಳಗೆ ಗಂಡ.

"ನಿಮ್ಮ ಓಟ ಮುಗಿಯೋಷ್ಟರಲ್ಲಿ," ಎಂದಳು ಆಕೆ ಬಾಗಿಲಿಗೆ ಒರಗಿ, "ನಮ್ಮ ಮನೇನೇ ಓಡಿಹೋಗುತ್ತೆ!"

ಸಾಹೇಬರು ಮುಸುಕಿನಿಂದಲೇ ಕೈ ಹೊರಗೆ ಚಾಚಿ ಗಡಿಯಾರ ತೋರಿಸಿದರು. "ಹತ್ತು ಕಿಲೋಮೀಟರ್ ಆಯ್ತು ನೋಡು!"

ಅಂತೂ ಆ ಭಾನುವಾರ ಬಂತು. ಮೈದಾನದಲ್ಲಿ ಜನವೋ ಜನ! ಸಾಹೇಬರು ಎದೆಗೆ ಸಂಖ್ಯೆ ಚುಚ್ಚಿಕೊಂಡು, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಎಲ್ಲರಿಗಿಂತ ಹೊಸದಾಗಿ ಕಾಣುವ ಬೂಟಿನಲ್ಲಿ ನಿಂತರು. ಹೆಂಡತಿ ರಜೆ ಹಾಕಿ ಬಂದಿದ್ದಳು, ವಾರ್ಡಿನ ಇಬ್ಬರು ನರ್ಸುಗಳನ್ನೂ ಕರೆತಂದಿದ್ದಳು. ಹೊರಡುವ ಮುಂಚೆ ಗಂಡನ ಬೂಟಿನ ದಾರವನ್ನು ತಾನೇ ಬಗ್ಗಿ ಬಿಗಿದು, "ಮೈ ಮೇಲೆ ಜ್ಞಾನ ಇರ್ಲಿ, ಹುಷಾರು," ಎಂದಳು. ಆಕೆಯ ದನಿಯಲ್ಲಿ ತಮಾಷೆ ಇರಲಿಲ್ಲ. ಇವಳ ಮುಂದೆ ಸೋಲಲೇಬಾರದು ಎಂದು ಸಾಹೇಬರಿಗೆ ಆಗ ನಿಜವಾಗಿ ಅನ್ನಿಸಿತು.

ಗುಂಡು ಹಾರಿತು. ಸಾಹೇಬರೂ ಹಾರಿದರು! ಊಟದ ಮೇಜಿನ ಸುತ್ತ ಪಳಗಿದ ಕಾಲುಗಳು. ತಿರುವುಗಳಲ್ಲಿ ಅವರಿಗೆ ಸಾಟಿಯೇ ಇಲ್ಲ. ಒಬ್ಬರನ್ನು ದಾಟಿದರು, ಹತ್ತು ಜನರನ್ನು ದಾಟಿದರು. ದಾರಿಬದಿಯ ಜನ ಚಪ್ಪಾಳೆ ತಟ್ಟಿದರು. 'ಇಷ್ಟೇನಾ ಇಪ್ಪತ್ತೊಂದು ಕಿಲೋಮೀಟರು!' ಎಂದುಕೊಂಡರು. ಆಗಿನ್ನೂ ಒಂದಾಗಿತ್ತು.

ಎರಡರ ಹತ್ತಿರ ಒಂದು ವಿಚಿತ್ರ ನಡೆಯಿತು. ಕಾಲುಗಳು ತಾವಾಗಿಯೇ ನಿಧಾನವಾದವು. ನೋವಿಲ್ಲ, ಸುಸ್ತಿಲ್ಲ. ಬರೀ ಒಂದು ಸಮಾಧಾನ, ಇವತ್ತಿನ ಕೆಲಸ ಆಯಿತು ಎಂಬಂಥ ಸಮಾಧಾನ. ಪಕ್ಕದಲ್ಲೊಂದು ಬಸ್‌ಸ್ಟಾಪು, ಅದರಲ್ಲೊಂದು ಬೆಂಚು. ಸಾಹೇಬರು ತಮಗೇ ಅರಿವಿಲ್ಲದೆ ಹೋಗಿ ಅದರ ಮೇಲೆ ಕೂತರು. ಕೂತ ಮೇಲೆ ಬ್ರೆಡ್ಡಿನ ಆಸೆಯಾಯಿತು! ದಿಗಿಲಿನಿಂದ ಎದ್ದರು, ಓಡಿದರು. ಮುಂದಿನ ಬಸ್‌ಸ್ಟಾಪಿನಲ್ಲಿ ಮತ್ತೆ ಅದೇ ಕಥೆ. ದೇಹಕ್ಕೆ ಕಂತಿನ ಅಭ್ಯಾಸವಾಗಿಬಿಟ್ಟಿತ್ತು. ಸ್ವಲ್ಪ ಓಡುವುದು, ಕೂರುವುದು. ಸ್ವಲ್ಪ ಓಡುವುದು, ಕೂರುವುದು. ಅಲ್ಲಿಂದ ಮುಂದೆ ಸಾಹೇಬರು ಓಡಿದ್ದು ಬಸ್ಸಿನ ಹಾಗೆ, ಪ್ರತಿ ಸ್ಟಾಪಿನಲ್ಲೂ ನಿಂತು.

ಅರ್ಧ ದಾರಿ ಬರುವ ಹೊತ್ತಿಗೆ ಸಮಾಧಾನವೂ ಹೋಯಿತು, ಕಾಲೂ ಹೋಯಿತು. ಮೀನಖಂಡ ಕಲ್ಲಾಯಿತು. ಮುದುಕರು ದಾಟಿದರು, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಓಡುತ್ತಿದ್ದ ತಾಯಿಯೊಬ್ಬಳು ದಾಟಿದಳು, ಮಗು ಹಿಂದೆ ತಿರುಗಿ ಕೈ ಬೀಸಿತು. ಆಗ ಸೈಕಲ್ಲಿನಲ್ಲಿ ಓಟಗಾರರನ್ನು ವಿಚಾರಿಸುತ್ತ ಬರುತ್ತಿದ್ದ ಕೋಚ್ ಮೇಡಂ ಬೆಂಚಿನ ಮೇಲೆ ಕಾಲು ಒತ್ತಿಕೊಳ್ಳುತ್ತಿದ್ದ ಸಾಹೇಬರನ್ನು ಕಂಡು ಬ್ರೇಕು ಹಾಕಿದರು.

"ಏನ್ ಸಾರ್ ಇದು! ವಾರ ವಾರ ಉದ್ದದ ಓಟ ಎಷ್ಟೆಷ್ಟು ಓಡ್ತಿದ್ರಿ?"

"ಉದ್ದದ ಓಟ ಅಂದ್ರೆ?"

"ಅಯ್ಯೋ, ಅವತ್ತೇ ಹೇಳೋಕೆ ಬಂದೆ, ಸೀಟಿ ಊದಿದೆ, ನೀವು ಕೈ ಬೀಸ್ಕೊಂಡು ಹೋದ್ರಿ! ಬೇರೆ ದಿನದ್ದು ಬೇಕಾದ್ರೆ ಎರಡು ಮಾಡ್ಕೊಳ್ಳಿ, ಭಾನುವಾರದ ಉದ್ದದ ಓಟ ಮಾತ್ರ ಒಡೀಬೇಡಿ, ಅದು ಒಂದೇ ಸಲಕ್ಕೆ ಓಡ್ಬೇಕು. ಅದಿಲ್ಲದೆ ಇಪ್ಪತ್ತೊಂದು ಹೇಗೆ ಆಗುತ್ತೆ? ಹೋಗ್ಲಿ, ಎರಡು ಭಾಗಾನಾದ್ರೂ ಸರಿಯಾಗಿ ಓಡಿದ್ರಾ?"

ಸಾಹೇಬರು ತಲೆ ತಗ್ಗಿಸಿದರು. "ಎಷ್ಟು ಭಾಗ ಆಯ್ತು ಅಂತ ಲೆಕ್ಕ ತಪ್ಪೋಯ್ತು ಮೇಡಂ."

ಮೇಡಂ ಮೊದಲ ದಿನ ನಗದೆ ಇದ್ದದ್ದನ್ನೂ ಸೇರಿಸಿ ಆವತ್ತು ನಕ್ಕರು. ನಗು ತಡೆದುಕೊಂಡು ಸೀಟಿ ಊದಿ, ಕೈಚೆಲ್ಲಿದವರನ್ನು ಹತ್ತಿಸಿಕೊಂಡು ಓಟದ ಕಟ್ಟಕಡೆಗೆ ಬರುವ ವ್ಯಾನನ್ನು ಕರೆದರು. ಸಾಹೇಬರು ಕೊನೆಯ ಪ್ರಯತ್ನವೆಂಬಂತೆ ಕೇಳಿದರು: "ಉಳಿದಿದ್ದನ್ನ ಸಂಜೆ ಬಂದು ಓಡಿದ್ರೆ ಇದಕ್ಕೇ ಸೇರಿಸ್ಕೋತೀರಾ?"

ಮೇಡಂ ವ್ಯಾನಿನ ಹಿಂಬಾಗಿಲು ತೆಗೆದು ಹಿಡಿದರು. ವ್ಯಾನಿನ ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ.

ಮೈದಾನದಲ್ಲಿ ಹೆಂಡತಿ ಓಟಗಾರರು ಬರುವ ದಿಕ್ಕಿಗೇ ಕಣ್ಣು ನೆಟ್ಟು ನಿಂತಿದ್ದಳು. ಸಾಹೇಬರು ಅದರ ವಿರುದ್ಧ ದಿಕ್ಕಿನಿಂದ, ವ್ಯಾನಿನ ಹಿಂಬಾಗಿಲಿನಿಂದ, ಕುಂಟುತ್ತ ಇಳಿದರು. ಆಕೆ ಬಂದು ಮಣಿಕಟ್ಟು ಹಿಡಿದು ನಾಡಿ ನೋಡಿದಳು, ನೀರು ಕೊಟ್ಟಳು, ಮೀನಖಂಡ ತಿಕ್ಕಿದಳು. ಬೈದಿದ್ದರೆ ಸಾಹೇಬರಿಗೆ ಎಷ್ಟೋ ಹಿತವಾಗುತ್ತಿತ್ತು. ನರ್ಸುಗಳಿಬ್ಬರು ಅವರನ್ನು ಆಚೀಚೆ ಹಿಡಿದು, ಹೆರಿಗೆಯಾದ ಬಾಣಂತಿಯನ್ನು ಕರೆದೊಯ್ಯುವಂತೆ ಆಟೋದಲ್ಲಿ ಕೂರಿಸಿದರು.

ಕಟ್ಟಡದ ಕೆಳಗೆ ಇಳಿದಾಗ ಮಧ್ಯಾಹ್ನವಾಗಿತ್ತು. ಎದುರಿಗೆ ಲಿಫ್ಟು! ಸಾಹೇಬರೇ ಖುದ್ದಾಗಿ ಬೇರಿಂಗ್ ಬದಲಿಸಿ, ಎಣ್ಣೆ ಬಿಟ್ಟು, ಬಾಗಿಲಿನ ಸ್ಟೀಲು ಒರೆಸಿ ಹೊಳೆಯುವಂತೆ ಮಾಡಿದ್ದ ಲಿಫ್ಟು, ಬಾ ಎಂದು ಬಾಗಿಲು ತೆರೆದುಕೊಂಡು ನಿಂತಿತ್ತು. ಸಾಹೇಬರು ಕಾಲಿಟ್ಟರು. ಹೆಂಡತಿ ಅಡ್ಡ ಕೈಯಿಟ್ಟಳು.

"ಒಂದು ವರ್ಷ," ಎಂದಳು.

"ಇವತ್ತೊಂದಿನ ಬಿಡೇ! ನಾಳೆಯಿಂದ ಶುರು ಮಾಡೋಣ."

"ಮಾತು ಅಂದ್ರೆ ಮಾತು."

"ಕಾಲು ಎತ್ತೋಕೆ ಆಗ್ತಿಲ್ಲ ಕಣೇ! ಐದು ಮಹಡಿ ಒಂದೇ ಸಲಕ್ಕೆ ಹೇಗೆ ಹತ್ತಲಿ?"

ಹೆಂಡತಿ ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದಳು. ಆಕೆಯ ಮುಖದಲ್ಲಿ ಇಡೀ ಬೆಳಗು ತಡೆದಿಟ್ಟುಕೊಂಡಿದ್ದ ನಗು ಈಗ ಅರಳಿತು.

"ಒಂದೇ ಸಲಕ್ಕೆ ಹತ್ತಿ ಅಂದೋರು ಯಾರ್ರೀ? ಎರಡೂವರೆ ಈಗ ಹತ್ತಿ, ಎರಡೂವರೆ ಸಂಜೆ ಹತ್ತಿ. ಊಟ ಮೆಟ್ಟಿಲಿಗೇ ಕಳಿಸ್ತೀನಿ!"